ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂಬದಿ ದೀಪ: ವಯರಿಂಗ್ ದೋಷವನ್ನು ಪತ್ತೆ ಹಚ್ಚುವ ಕ್ರಮ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರ್ ಮಾಹೆಯಲ್ಲಿ ಪ್ರಾರಂಭವಾಗುತ್ತದೆ. ಅಲ್ಲಿಂದ ಮುಂದೆ ಕೆಲವು ತಿಂಗಳುಗಳ ಕಾಲ ಸಂಕೇಶ್ವರ, ಹುಣಶ್ಯಾಳ ಪಿ.ಜಿ. ಮುಂತಾದ ಕಡೆಗಳಲ್ಲಿರುವ ಸಕ್ಕರೆ ಕಾರ್ಖಾನೆಗಳತ್ತ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಹಗಲಿರುಳೆನ್ನದೆ ಸಂಚರಿಸುತ್ತವೆ. ಕಟಾವು ಮುಗಿದು ಹೊಲದಿಂದ ಗಾಡಿ ಹೊರಡುವ ವೇಳೆಗೆ ಸಂಜೆಯಾಗಿರುತ್ತದೆ. ಕಾರ್ಖಾನೆಯ ಯಾರ್ಡಿನಲ್ಲಿ ಸರದಿ ಬರುವುದು ಕೆಲವೊಮ್ಮೆ ನಡುರಾತ್ರಿಗೆ. ಕತ್ತಲಿನ ಪ್ರಯಾಣವನ್ನು ತಪ್ಪಿಸುವುದು ಬಹುಮಟ್ಟಿಗೆ ರೈತರ ಹಾಗೂ ಚಾಲಕರ ಕೈಯಲ್ಲಿಲ್ಲ. ಟ್ರೇಲರಿನ ಹಿಂಬದಿಯ ಕೆಂಪು ದೀಪ ಉರಿಯುವಂತೆ ನೋಡಿಕೊಳ್ಳುವುದು ಮಾತ್ರ ಅವರ ಕೈಯಲ್ಲಿದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಮೋಟಾರ್ ಸೈಕಲ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಸವಾರನು ಎದುರಿನ ಅಡಚಣೆಯನ್ನು ಗುರುತಿಸಿ, ಬ್ರೇಕ್ ಹಾಕಿ, ವಾಹನವನ್ನು ಪೂರ್ಣ ನಿಲ್ಲಿಸಲು ಒಣ ರಸ್ತೆಯಲ್ಲಿಯೂ 45 ರಿಂದ 50 ಮೀಟರ್ ಬೇಕಾಗುತ್ತದೆ. ಡಿಪ್ ಮಾಡಿದ ಹೆಡ್‌ಲೈಟಿನ ಬೆಳಕಿನಲ್ಲಿ ಧೂಳು ಹಿಡಿದ ಕಬ್ಬಿನ ಹೇರು 30-40 ಮೀಟರ್ ಸಮೀಪಿಸಿದ ಮೇಲೆಯೇ ಕಣ್ಣಿಗೆ ಬೀಳುವುದುಂಟು. ಟ್ರೇಲರ್ ಕೆಟ್ಟು ರಸ್ತೆಯ ಬದಿಯಲ್ಲಿ ನಿಂತಿದ್ದರೆ ಈ ಲೆಕ್ಕದಲ್ಲಿ ಸವಾರನಿಗೆ ಉಳಿವಿಲ್ಲ. ಹಿಂಬದಿಯ ದೀಪವು ಚಾಲಕನಿಗೆ ಕಾಣುವಂತಹುದಲ್ಲ. ಅದು ಆರಿಹೋದರೂ ಅವನ ಗಮನಕ್ಕೆ ಬಾರದಿರುವುದೇ ಇಲ್ಲಿನ ತೊಡಕು.

ನಿಯಮ ಏನು ಹೇಳುತ್ತದೆ

ಮೋಟಾರು ವಾಹನಗಳ ಅಧಿನಿಯಮ, 1988 ರ ಕಲಂ 2(28) ರ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ ಆಗಿರುತ್ತದೆ. ಟ್ರ್ಯಾಕ್ಟರಿನ ದಾಖಲೆಯೊಳಗೆ ಟ್ರೇಲರ್ ಸೇರಿಕೊಂಡಿದೆ ಎಂಬ ತಿಳುವಳಿಕೆ ಸರಿಯಲ್ಲ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ರ ನಿಯಮ 105 ರಂತೆ ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನವರೆಗೆ ಸಾರ್ವಜನಿಕ ಸ್ಥಳದಲ್ಲಿರುವ ವಾಹನದ ದೀಪಗಳು ಉರಿಯುತ್ತಿರತಕ್ಕದ್ದು. ಹಿಂಬದಿಗೆ ಅಂಟಿಸಿದ ಕೆಂಪು ರಿಫ್ಲೆಕ್ಟರ್ ಪಟ್ಟಿಯು ದೀಪಕ್ಕೆ ಪೂರಕವೇ ಹೊರತು ಬದಲಿಯಲ್ಲ: ಅದರ ಮೇಲೆ ಮತ್ತೊಂದು ವಾಹನದ ಬೆಳಕು ಬಿದ್ದಾಗ ಮಾತ್ರ ಅದು ಹೊಳೆಯುತ್ತದೆ, ಮಣ್ಣು ಮೆತ್ತಿಕೊಂಡರೆ ಅದೂ ಇಲ್ಲ.

ವಿದ್ಯುತ್ತು ಹರಿಯುವ ದಾರಿ

ಟ್ರ್ಯಾಕ್ಟರಿನ ವಿದ್ಯುತ್ ವ್ಯವಸ್ಥೆ 12 ವೋಲ್ಟಿನದು. ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಸ್, ಸ್ವಿಚ್ಚು, ಟ್ರ್ಯಾಕ್ಟರಿನ ಹಿಂಬದಿಯ ಸಾಕೆಟ್ ಇವುಗಳ ಮೂಲಕ ಟ್ರೇಲರಿನ ಬಲ್ಬನ್ನು ತಲುಪಿ, ಅಲ್ಲಿಂದ ಬ್ಯಾಟರಿಯ ಋಣ ತುದಿಗೆ ಹಿಂದಿರುಗಬೇಕು. ಹೋಗುವ ದಾರಿಯನ್ನು ಎಲ್ಲರೂ ಪರಿಶೀಲಿಸುತ್ತಾರೆ. ಹಿಂದಿರುಗುವ ದಾರಿಯನ್ನು, ಅಂದರೆ ರೂಢಿಯಲ್ಲಿ ‘ಅರ್ಥ್’ ಎಂದು ಕರೆಯುವುದನ್ನು, ಪರಿಶೀಲಿಸುವವರು ವಿರಳ. ಬಲ್ಬ್ ಬದಲಾಯಿಸಿ, ಹೋಲ್ಡರ್ ಬದಲಾಯಿಸಿ, ಕಡೆಗೆ ಇಡೀ ವಯರನ್ನೇ ಬದಲಾಯಿಸಿದರೂ ದೀಪ ಹತ್ತದೆ ಉಳಿಯುವ ಅನೇಕ ಪ್ರಸಂಗಗಳಲ್ಲಿ ದೋಷವಿರುವುದು ಅರ್ಥ್‌ನಲ್ಲಿ.

ಇದಕ್ಕೆ ಕಾರಣ ಸ್ಪಷ್ಟವಿದೆ. ಬಹಳಷ್ಟು ಟ್ರೇಲರ್‌ಗಳಲ್ಲಿ ಅರ್ಥ್‌ಗೆಂದು ಪ್ರತ್ಯೇಕ ವಯರ್ ಎಳೆದಿರುವುದಿಲ್ಲ. ಟ್ರೇಲರಿನ ಕಬ್ಬಿಣದ ಚೌಕಟ್ಟು, ಜೋಡಣೆಯ ಪಿನ್ನು ಹಾಗೂ ಟ್ರ್ಯಾಕ್ಟರಿನ ಮೈ ಇವುಗಳ ಮೂಲಕವೇ ವಿದ್ಯುತ್ತು ಹಿಂದಿರುಗಲೆಂದು ಬಿಡಲಾಗಿರುತ್ತದೆ. ಜೋಡಣೆಯ ಪಿನ್ನಿಗೆ ಗ್ರೀಸ್, ತುಕ್ಕು ಹಾಗೂ ಮಣ್ಣು ಹತ್ತಿಕೊಂಡಿರುವುದು ಸಹಜ. ಹೇರು ಜಗ್ಗಿದಾಗ ಪಿನ್ನು ಗಟ್ಟಿಯಾಗಿ ತಾಗಿ ದೀಪ ಹತ್ತುತ್ತದೆ. ಇಳಿಜಾರಿನಲ್ಲಿ ಸಡಿಲಗೊಂಡಾಗ ಆರುತ್ತದೆ. ಮನೆಯ ಮುಂದೆ ನಿಲ್ಲಿಸಿ ನೋಡಿದಾಗ ಸರಿಯಾಗಿದ್ದ ದೀಪ ಗುರ್ಲಾಪುರ ಕ್ರಾಸ್ ದಾಟುವಷ್ಟರಲ್ಲಿ ಆರಿಹೋಗುವುದರ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಪತ್ತೆ ಹಚ್ಚುವುದು ಹೇಗೆ

ಮೊದಲು ಟ್ರ್ಯಾಕ್ಟರನ್ನು ಟ್ರೇಲರಿನಿಂದ ಬೇರ್ಪಡಿಸದೆ, ಒಬ್ಬರು ಸ್ವಿಚ್ಚಿನ ಬಳಿ ಹಾಗೂ ಒಬ್ಬರು ಹಿಂದೆ ನಿಂತು, ಪಾರ್ಕಿಂಗ್ ದೀಪ, ಬ್ರೇಕ್ ಹಾಗೂ ಎರಡೂ ಇಂಡಿಕೇಟರ್‌ಗಳನ್ನು ಒಂದೊಂದಾಗಿ ಹಾಕಿ ನೋಡುವುದು. ದೋಷದ ಬಗೆಯೇ ದೋಷದ ಸ್ಥಳವನ್ನು ಸೂಚಿಸುತ್ತದೆ. ಒಂದೇ ದೀಪ ಹತ್ತದಿದ್ದರೆ ಬಲ್ಬ್ ಅಥವಾ ಹೋಲ್ಡರ್. ಯಾವುದೂ ಹತ್ತದಿದ್ದರೆ ಫ್ಯೂಸ್, ಸಾಕೆಟ್ ಅಥವಾ ಅರ್ಥ್. ಬ್ರೇಕ್ ತುಳಿದಾಗ ಹಿಂಬದಿಯ ದೀಪ ಪ್ರಖರವಾಗುವ ಬದಲು ಆರಿದರೆ, ಇಲ್ಲವೇ ಇಂಡಿಕೇಟರ್ ಹಾಕಿದಾಗ ಬೇರೆ ದೀಪಗಳೂ ಮಂದವಾಗಿ ಮಿನುಗಿದರೆ ಅರ್ಥ್ ಕಡಿದಿದೆ ಎಂದು ಬಹುತೇಕ ನಿಶ್ಚಯಿಸಬಹುದು. ಹಿಂದಿರುಗಲು ತನ್ನ ದಾರಿ ಕಾಣದ ವಿದ್ಯುತ್ತು ಪಕ್ಕದ ಬಲ್ಬಿನ ತಂತಿಯೊಳಗೆ ನುಗ್ಗಿ ದಾರಿ ಹುಡುಕುವುದರಿಂದ ಹೀಗಾಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ದುಬಾರಿ ಸಲಕರಣೆ ಬೇಕಿಲ್ಲ. ಒಂದು ಉದ್ದನೆಯ ವಯರಿನ ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೆ ಕಟ್ಟಿ, ಇನ್ನೊಂದು ತುದಿಯನ್ನು ಉರಿಯದ ದೀಪದ ಹೋಲ್ಡರಿನ ಲೋಹದ ಭಾಗಕ್ಕೆ ತಾಗಿಸುವುದು. ದೀಪ ತಕ್ಷಣ ಸರಿಯಾಗಿ ಉರಿದರೆ ಬಲ್ಬೂ ಸರಿ, ಮುಂದಿನಿಂದ ಬರುವ ವಯರೂ ಸರಿ. ಅರ್ಥ್ ಮಾತ್ರ ಇಲ್ಲ. ಮಲ್ಟಿಮೀಟರ್ ಇದ್ದವರು ದೀಪ ಹಾಕಿಟ್ಟು ಹೋಲ್ಡರಿನ ಲೋಹಕ್ಕೂ ಬ್ಯಾಟರಿಯ ಋಣ ತುದಿಗೂ ನಡುವಿನ ವೋಲ್ಟೇಜ್ ನೋಡುವುದು. ಅದು ಸೊನ್ನೆಗೆ ಹತ್ತಿರವಿರಬೇಕು. ಅರ್ಧ ವೋಲ್ಟ್ ಮೀರಿದರೆ ದುರಸ್ತಿ ಅವಶ್ಯ.

ಪರಿಹಾರವೆಂದರೆ ಅರ್ಥ್‌ಗೆ ಪ್ರತ್ಯೇಕ ವಯರ್ ಎಳೆಯುವುದು. ಏಳು ಪಿನ್ನಿನ ಸಾಕೆಟ್ ಐ.ಎಸ್.ಒ. 1724 ಮಾದರಿಯದಾಗಿದ್ದಲ್ಲಿ 3 ನೇ ಪಿನ್ ಅರ್ಥ್‌ನದು. 1 ಎಡ ಇಂಡಿಕೇಟರ್, 4 ಬಲ ಇಂಡಿಕೇಟರ್, 6 ಬ್ರೇಕ್, 5 ಮತ್ತು 7 ಕ್ರಮವಾಗಿ ಬಲ ಹಾಗೂ ಎಡ ಹಿಂಬದಿ ದೀಪಗಳಿಗೆ. ಊರಿನ ಗ್ಯಾರೇಜಿನಲ್ಲಿ ಕೈಗೆ ಸಿಕ್ಕ ಬಣ್ಣದ ವಯರ್ ಜೋಡಿಸಿರುವುದು ಸಾಮಾನ್ಯವಾದುದರಿಂದ ಬಣ್ಣವನ್ನು ನಂಬದೆ ಪಿನ್ನಿನ ಸಂಖ್ಯೆಯನ್ನು ನೋಡುವುದು ಲೇಸು. ಎರಡು ಟ್ರೇಲರ್ ಇದ್ದಲ್ಲಿ ಕಡೆಯ ಟ್ರೇಲರಿನವರೆಗೆ ಈ ಅರ್ಥ್ ವಯರ್ ತಲುಪಿರಬೇಕು; ಹಿಂದಿನವರಿಗೆ ಕಾಣುವುದು ಅದರ ದೀಪವೇ.

ಸಾಕೆಟ್ಟಿನ ಬಗ್ಗೆ ಇನ್ನೊಂದು ಮಾತು. ಹಂಗಾಮು ಮುಗಿದ ಮೇಲೆ ಟ್ರೇಲರ್ ತಿಂಗಳುಗಟ್ಟಲೆ ಬಯಲಿನಲ್ಲಿ ನಿಂತಿರುತ್ತದೆ. ಅದರ ಪ್ಲಗ್ ಮಳೆಗಾಲವಿಡೀ ನೆಲಕ್ಕೆ ಜೋತುಬಿದ್ದು, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಸಣ್ಣ ಮರಳು ಕಾಗದದಿಂದ ಉಜ್ಜಿ ಒಣಗಿಸಿದರೆ ಸಾಕು. ಹಂಗಾಮಿನ ಕೊನೆಗೆ ಪ್ಲಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತೆರೆದ ಬಾಯಿ ಕೆಳಮುಖವಾಗುವಂತೆ ಮೇಲೆ ಕಟ್ಟಿಟ್ಟರೆ ಈ ಶ್ರಮವೂ ಉಳಿಯುತ್ತದೆ. ಇಲಿ ಕಡಿದ ವಯರನ್ನು ಕೇವಲ ಹೊಸೆದು ಟೇಪ್ ಸುತ್ತುವುದಕ್ಕಿಂತ ಬೆಸುಗೆ ಹಾಕಿಸುವುದು ಬಾಳಿಕೆ ಬರುತ್ತದೆ.

ದೀಪ ಉರಿಯುತ್ತದೆ, ಆದರೆ ಮಂದ

ಇದಕ್ಕೆ ಎರಡು ಕಾರಣಗಳನ್ನು ವಿಶೇಷವಾಗಿ ನೋಡಬೇಕು. ಮೊದಲನೆಯದು ತೆಳು ವಯರ್. ತಲಾ 21 ವ್ಯಾಟಿನ ಎರಡು ಬ್ರೇಕ್ ಬಲ್ಬುಗಳು ಒಟ್ಟು ಮೂರೂವರೆ ಆಂಪಿಯರ್ ಎಳೆಯುತ್ತವೆ. ಅರ್ಧ ಚದರ ಮಿ.ಮೀ. ತಾಮ್ರದ ವಯರಿನಲ್ಲಿ 12 ಮೀಟರ್ ದೂರ ಈ ವಿದ್ಯುತ್ತು ಹರಿದಾಗ ಸುಮಾರು ಒಂದೂವರೆ ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ಒಂದೂವರೆ ವೋಲ್ಟ್ ಅಲ್ಪವೆನಿಸಿದರೂ ತಂತಿಯ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ ಬೆಳಕಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹೋಗಿರುತ್ತದೆ. ಒಂದೂವರೆ ಚದರ ಮಿ.ಮೀ. ವಯರ್ ಬಳಸಿದಲ್ಲಿ ನಷ್ಟ ಅರ್ಧ ವೋಲ್ಟಿಗೆ ಇಳಿಯುತ್ತದೆ.

ಎರಡನೆಯದು ಲಾರಿಯ ಬಲ್ಬ್. ಲಾರಿಗಳ 24 ವೋಲ್ಟಿನ ಬಲ್ಬ್ ಟ್ರೇಲರಿನ ಹೋಲ್ಡರಿನಲ್ಲಿ ಸರಿಯಾಗಿ ಕೂಡುತ್ತದೆ, ಉರಿಯುತ್ತದೆ ಕೂಡ. ಆದರೆ ಅರ್ಧ ವೋಲ್ಟೇಜಿನಲ್ಲಿ ಅದು ಕೊಡುವ ಬೆಳಕು ಹತ್ತನೆಯ ಒಂದು ಭಾಗದಷ್ಟು ಮಾತ್ರ. ಬಲ್ಬಿನ ತಳದ ಲೋಹದ ಮೇಲೆ ವೋಲ್ಟ್ ಅಚ್ಚಾಗಿರುತ್ತದೆ, ಖರೀದಿಸುವಾಗಲೇ ಓದಿಕೊಳ್ಳುವುದು.

ಫ್ಯೂಸ್ ಮತ್ತು ಬೆಂಕಿ

ಫ್ಯೂಸ್ ಪದೇ ಪದೇ ಸುಡುತ್ತಿದ್ದರೆ ಎಲ್ಲೋ ವಯರಿನ ಹೊದಿಕೆ ಸವೆದು ಚೌಕಟ್ಟಿಗೆ ತಾಗುತ್ತಿದೆ ಎಂದರ್ಥ. ಚೌಕಟ್ಟಿನ ತೂತುಗಳಲ್ಲಿ ಹಾದುಹೋಗುವೆಡೆ ಹಾಗೂ ಕಬ್ಬಿಣದ ತಂತಿಯಿಂದ ಬಿಗಿದು ಕಟ್ಟಿದೆಡೆ ಇದನ್ನು ಮೊದಲು ಹುಡುಕುವುದು. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಅಥವಾ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಇಡುವುದು ಯಾವುದೇ ಕಾರಣಕ್ಕೂ ಸಲ್ಲದು. ಆಗ ಸುಡುವುದು ಫ್ಯೂಸಲ್ಲ, ವಯರ್. ಅದರ ಮೇಲೆಯೇ ಒಣ ರವದಿ ಸಹಿತ ಹಲವು ಟನ್ ಕಬ್ಬು ಇರುತ್ತದೆ.

ಹೇರು ತುಂಬಿದ ಮೇಲೆ

ಖಾಲಿ ಟ್ರೇಲರಿನಲ್ಲಿ ಚೆನ್ನಾಗಿ ಕಾಣುವ ದೀಪ ಹೇರು ತುಂಬಿದ ಮೇಲೆ ಕಬ್ಬಿನ ತುದಿಗಳ ಹಿಂದೆ ಮರೆಯಾಗಬಹುದು. ಹಗ್ಗ ಬಿಗಿದಾದ ಮೇಲೆ ಮತ್ತೊಮ್ಮೆ 20-30 ಹೆಜ್ಜೆ ಹಿಂದೆ ಸರಿದು ನೋಡುವುದು, ಅಡ್ಡ ಬಂದ ಸೋಗೆಯನ್ನು ಕತ್ತರಿಸುವುದು. ಕಾಲು ಗಂಟೆಯ ಕೆಲಸವೂ ಅಲ್ಲ.

ಅರ್ಹತಾ ಪತ್ರದ ಅರ್ಜಿದಾರರಿಗೆ

ಸಾರಿಗೆ ವಾಹನವೆಂದು ನೋಂದಣಿಯಾಗಿರುವ ಟ್ರ್ಯಾಕ್ಟರ್ ಹಾಗೂ ಟ್ರೇಲರ್‌ಗಳಿಗೆ ಅಧಿನಿಯಮದ ಕಲಂ 56 ರ ಮೇರೆಗೆ ಅರ್ಹತಾ ಪತ್ರ, ಅಂದರೆ ರೂಢಿಯಲ್ಲಿನ ಎಫ್.ಸಿ., ಅವಶ್ಯ. ವಾಹನಕ್ಕೆ ಎಂಟು ವರ್ಷಗಳಾಗುವವರೆಗೆ ಎರಡು ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷ ನವೀಕರಣ ಮಾಡಿಸತಕ್ಕದ್ದು. ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನವಾದುದರಿಂದ ಅದಕ್ಕೆ ಇದು ಅನ್ವಯಿಸುವುದಿಲ್ಲ. ದೀಪದ ನಿಯಮ ಮಾತ್ರ ಅದಕ್ಕೂ ಅನ್ವಯಿಸುತ್ತದೆ. ಅರ್ಜಿಯನ್ನು ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಬಹುದು. ತಪಾಸಣೆಗೆ ಬರುವಾಗ ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸಿ, ಪ್ಲಗ್ ಹಾಕಿ, ಎಲ್ಲ ದೀಪಗಳೂ ಉರಿಯುವ ಸ್ಥಿತಿಯಲ್ಲಿ ಹಾಜರುಪಡಿಸುವುದು. ಕೆಎ-49 ಸಂಖ್ಯೆಯ ವಾಹನಗಳ ಮಾಲೀಕರು ಹೆಚ್ಚಿನ ವಿವರಗಳಿಗಾಗಿ ಗೋಕಾಕದ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು, ಇತರರು ತಮ್ಮ ವಾಹನ ನೋಂದಣಿಯಾಗಿರುವ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.