ಎರಡನೇ ಊರು ಎಲ್ಲಿ ಕಟ್ತೀಯಾ?

ಮಕ್ಕಳು ‘ಸಿವಿಲೈಸೇಷನ್ 6’ ಆಡಲು ಕೂತರೆ, ನೀವು ಕನ್ನಡದಲ್ಲಿ ಏನೇ ಕೇಳಿದರೂ “ವೇಟ್ ಅಮ್ಮಾ” ಎಂಬ ಉತ್ತರವೇ ಬರುತ್ತದೆ ಅಲ್ಲವೇ? ನಮ್ಮ ಮನೆಯಲ್ಲೂ ಅದೇ ಕಥೆ. ಒಂದು ದಿನ “ಊಟಕ್ಕೆ ಬಾ” ಎನ್ನುವ ಬದಲು “ಎರಡನೇ ಊರು ಎಲ್ಲಿ ಕಟ್ತೀಯಾ?” ಎಂದೆ. ಮಗ ತಿರುಗಿ ನೋಡಿದ.

ಅವನ ಊರು ಬೆಳೆಯುತ್ತಲೇ ಇರಲಿಲ್ಲ. ನೀರಿಲ್ಲದ ಕಡೆ ಕಟ್ಟಿದ್ದ. ಈ ಆಟದಲ್ಲಿ ನದಿ, ಕೆರೆಯ ಪಕ್ಕದ ಹೊಸ ಊರಿಗೆ 5 ವಸತಿ ಸಿಗುತ್ತದೆ. ಬರೀ ಸಮುದ್ರದ ದಡವಾದರೆ 3, ನೀರೇ ಇಲ್ಲದಿದ್ದರೆ 2. ವಸತಿ ತುಂಬುತ್ತಾ ಬಂದರೆ ಎಷ್ಟು ಆಹಾರವಿದ್ದರೂ ಬೆಳವಣಿಗೆ ಕುಂಟುತ್ತದೆ. ಕಣಜ ಕಟ್ಟಿದರೆ 2 ವಸತಿ, 1 ಆಹಾರ ಹೆಚ್ಚು. “ಕಣಜ ಅಂದ್ರೆ?” ಎಂದ. ಅಜ್ಜನ ಮನೆಯ ಭತ್ತದ ಕಣಜದ ಕಥೆ ಹೇಳುತ್ತಾ ಅರ್ಧ ಗಂಟೆ ಹೋಯಿತು.

ಆಡುವಾಗ “ಯಾಕೆ ಇಲ್ಲೇ?” ಎಂದು ಕೇಳಿ ನೋಡಿ. ‘ಹೂಂ’, ‘ಇಲ್ಲ’ ಎಂದು ಜಾರಿಕೊಳ್ಳಲಾಗದು, “ಯಾಕಂದ್ರೆ” ಎಂದೇ ಶುರು ಮಾಡಬೇಕು. ನಡುವೆ ಇಂಗ್ಲಿಷ್ ಪದ ಬಂದರೆ ತಿದ್ದಬೇಡಿ. ಎರಡು ಊರುಗಳ ನಡುವೆ ಕನಿಷ್ಠ 3 ಮನೆ ಬಿಡಬೇಕು ಎಂದು ನನಗೆ ಕಲಿಸಿದ್ದು ಅವನೇ. (ಚೌಕಾಬಾರದ ಮನೆಯಂತೆಯೇ, ಆದರೆ ಆರು ಮೂಲೆ.)

ಊರು ಹೆಚ್ಚಿಸಲು ‘ಸೆಟ್ಲರ್’ ಬೇಕು. ಒಬ್ಬ ಸೆಟ್ಲರ್ ಹೊರಟರೆ ಹಳೆಯ ಊರಿನ ಜನಸಂಖ್ಯೆ ಸಾಮಾನ್ಯವಾಗಿ 1 ಇಳಿಯುತ್ತದೆ. ಅದಕ್ಕೇ ಮೊದಲು ಊರು ಬೆಳೆಸಿ, ಆಮೇಲೆ ಕಳಿಸಬೇಕು.

“ಹಾಗಾದ್ರೆ ಅಜ್ಜಿ ಊರಲ್ಲೂ ಕಮ್ಮಿ ಆದ್ರಾ?” ಎಂದ.

“ಇಬ್ಬರು,” ಎಂದೆ.