ಮನೆಯ ಟೇಪ್ ರೆಕಾರ್ಡರಿಗೆ ಧ್ವನಿಶುದ್ಧಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಕೊಬ್ಬರಿಯ ಅಟ್ಟ ಹೇಗೋ ಹಾಗೆಯೇ ಒಂದು ಕಾಲದಲ್ಲಿ ಟೇಪ್ ರೆಕಾರ್ಡರೂ ಮನೆಯ ಒಂದು ಅಂಗವಾಗಿತ್ತು. ಹಿಡಿಕೆ ಹಿಡಿದು ಪಡಸಾಲೆಯಿಂದ ತೋಟಕ್ಕೆ, ತೋಟದಿಂದ ಮದುವೆಯ ಚಪ್ಪರಕ್ಕೆ ಒಯ್ಯಬಹುದಾಗಿದ್ದ ಆ ಪೆಟ್ಟಿಗೆ ಇಂದು ಬಿಳಿಗೆರೆಯ ಸುತ್ತಿನ ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲೋ ಅಟ್ಟದ ಮೂಲೆಯಲ್ಲೋ ಮೌನವಾಗಿ ಕುಳಿತಿದೆ. ಅದರ ಮಗ್ಗುಲಲ್ಲಿಯೇ ಕ್ಯಾಸೆಟ್ಟುಗಳ ಡಬ್ಬಿಯೂ ಇದೆ.

ಆ ಡಬ್ಬಿಯಲ್ಲಿ ಎರಡು ಬಗೆಯ ಕ್ಯಾಸೆಟ್ಟುಗಳಿರುತ್ತವೆ. ಅಂಗಡಿಯಿಂದ ಕೊಂಡು ತಂದವು ಒಂದು ಬಗೆ. ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ ವಚನ ಗಾಯನ, ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಬಂದ ‘ನಿತ್ಯೋತ್ಸವ’, ಚಲನಚಿತ್ರ ಗೀತೆಗಳು ಇತ್ಯಾದಿ. ಇವು ನಮ್ಮ ಮನೆಯಲ್ಲಿ ಹಾಳಾದರೂ ಬೇರೆಲ್ಲಿಯಾದರೂ ದೊರೆತಾವು. ಎರಡನೆಯ ಬಗೆಯವು ಮನೆಯಲ್ಲಿಯೇ ತುಂಬಿಸಿಕೊಂಡವು. ಮದುವೆಯಲ್ಲಿ ಹೆಂಗಸರು ಹಾಡಿದ ಸೋಬಾನೆ, ಮಠದ ಅಂಗಳದಲ್ಲಿ ನಡೆದ ಪ್ರವಚನ, ಶ್ರಾವಣದ ಭಜನೆ, ತೊಟ್ಟಿಲ ಮಗುವಿನ ಅಳು, ತೀರಿಕೊಂಡ ತಾತನ ಕೆಮ್ಮು. ಇವುಗಳಿಗೆ ಜಗತ್ತಿನಲ್ಲಿ ಎರಡನೆಯ ಪ್ರತಿಯೇ ಇಲ್ಲ. ಇಂಥ ಕ್ಯಾಸೆಟ್ಟನ್ನು ಹಾಕಿ, ಗೊಣಗೊಣ ಸದ್ದಷ್ಟೇ ಕೇಳಿಬಂದಾಗ, “ಕ್ಯಾಸೆಟ್ಟೇ ಕೆಟ್ಟುಹೋಗಿದೆ” ಎಂದು ಎಸೆಯುವವರುಂಟು. ಹಲವು ವೇಳೆ ಕೆಟ್ಟಿರುವುದು ಕ್ಯಾಸೆಟ್ಟಲ್ಲ, ಅದನ್ನು ಓದುವ ಯಂತ್ರ. ಆ ಯಂತ್ರವನ್ನು ಮನೆಯಲ್ಲಿಯೇ ತಕ್ಕಮಟ್ಟಿಗೆ ಸುಧಾರಿಸಿಕೊಳ್ಳಬಹುದು.

ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯು ಲೂ ಒಟ್ಟೆನ್ಸ್ ಎಂಬ ಎಂಜಿನಿಯರರ ಮುಂದಾಳತ್ವದಲ್ಲಿ ರೂಪಿಸಿದ ಈ ಕ್ಯಾಸೆಟ್ಟು 1963ರಲ್ಲಿ ಬರ್ಲಿನ್ ನಗರದ ಪ್ರದರ್ಶನದಲ್ಲಿ ಬೆಳಕು ಕಂಡಿತು. ಜಪಾನಿನ ಸೋನಿ ಸಂಸ್ಥೆ 1979ರಲ್ಲಿ ವಾಕ್‌ಮನ್ ತಂದಮೇಲೆ ಅದು ಜೇಬಿಗೂ ಇಳಿಯಿತು. ಒಳಗಿನ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಅದು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರಿನಂತೆ ಸರಿಯುತ್ತದೆ. ಇಷ್ಟು ಸಣ್ಣ ಪಟ್ಟಿ, ಇಷ್ಟು ನಿಧಾನದ ನಡಿಗೆ. ಆದ್ದರಿಂದಲೇ ಕೂದಲೆಳೆಯಷ್ಟು ಧೂಳು, ಕೂದಲೆಳೆಯಷ್ಟು ಓರೆ ಇದ್ದರೂ ಧ್ವನಿ ಮಂಕಾಗುತ್ತದೆ.

ಯಂತ್ರಕ್ಕೆ ಕೈಹಾಕುವ ಮುನ್ನ ಕ್ಯಾಸೆಟ್ಟಿಗೆ ಮಾಡಬೇಕಾದ ರಕ್ಷೆಯೊಂದಿದೆ. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳಿರುತ್ತವೆ. ಎರಡನ್ನೂ ಮುರಿದುಬಿಟ್ಟರೆ ರೆಕಾರ್ಡ್ ಗುಂಡಿ ಒತ್ತಿದರೂ ಕೆಳಗಿಳಿಯದು. ಮೊಮ್ಮಕ್ಕಳು ಕುತೂಹಲದಿಂದ ಒತ್ತಿ ಅಜ್ಜಿಯ ಹಾಡಿನ ಮೇಲೆ ತಮ್ಮ ಗದ್ದಲವನ್ನು ತುಂಬಿಸುವ ಅಪಾಯ ಇದರಿಂದ ತಪ್ಪುತ್ತದೆ.

ಇನ್ನು ಶುಚಿಯ ಕೆಲಸ. ನಮ್ಮ ಸೀಮೆಯಲ್ಲಿ ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆಯೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಸುಲಿಯುವ ದಿನಗಳಲ್ಲಿ ಏಳುವ ನಾರಿನ ಧೂಳು ಮನೆಯ ಸಂದಿಗೊಂದಿಗಳನ್ನೆಲ್ಲ ಹೊಗುತ್ತದೆ. ಟೇಪ್ ರೆಕಾರ್ಡರ್ ಅದಕ್ಕೆ ಹೊರತಲ್ಲ. ಟೇಪಿನಿಂದ ಉದುರಿದ ಕಂದು ಪುಡಿಯೂ ಸೇರಿ ಹೆಡ್ಡಿನ ಮುಖದ ಮೇಲೆ ಪೊರೆಯಂತೆ ಕಟ್ಟುತ್ತದೆ. ಪ್ಲೇ ಗುಂಡಿ ಒತ್ತಿದಾಗ ಮುಂದೆ ಬರುವ ಹೊಳಪಿನ ಲೋಹದ ತುಂಡೇ ಹೆಡ್. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹೆಡ್ಡನ್ನೂ, ಪಕ್ಕದ ಸಣ್ಣ ಉಕ್ಕಿನ ಕಡ್ಡಿಯನ್ನೂ, ಅದಕ್ಕೆ ಒತ್ತಿಕೊಳ್ಳುವ ರಬ್ಬರ್ ಉರುಳೆಯನ್ನೂ ಹತ್ತಿ ಬೆಳ್ಳಗೆ ಉಳಿಯುವ ತನಕ ಒರೆಸಬೇಕು. ಕೊರೋನಾ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದೆಯೆಂದು ಅದನ್ನು ಬಳಸುವುದು ಬೇಡ; ಅದರಲ್ಲಿ ಬೆರೆಸಿದ ಗ್ಲಿಸರಿನ್ ಜಿಡ್ಡಾಗಿ ನಿಲ್ಲುತ್ತದೆ.

ಜಿಡ್ಡಿನ ಮಾತು ಬಂದಿತಾಗಿ ಇನ್ನೊಂದನ್ನು ಹೇಳಲೇಬೇಕು. ಬಾಗಿಲ ಕೀಲಿನಿಂದ ಹೊಲಿಗೆ ಯಂತ್ರದವರೆಗೆ ಕಿರುಗುಟ್ಟಿದ್ದಕ್ಕೆಲ್ಲ ಕೊಬ್ಬರಿ ಎಣ್ಣೆ ಬಿಡುವುದು ನಮ್ಮವರ ಹಳೆಯ ರೂಢಿ. ಟೇಪ್ ರೆಕಾರ್ಡರಿಗೆ ಅದು ಶತ್ರು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ಮಾಗಿಯ ಬೆಳಗಿನಲ್ಲಿ ಎಲ್ಲರೂ ಕಂಡಿದ್ದೇವೆ. ಯಂತ್ರದೊಳಗೂ ಅದು ಹಾಗೆಯೇ ಹೆಪ್ಪುಗಟ್ಟಿ, ಧೂಳನ್ನು ಹಿಡಿದು ಅಂಟಾಗುತ್ತದೆ. ರಬ್ಬರಿಗೆ ತಗುಲಿದರೆ ಹಿಡಿತವೇ ಜಾರುತ್ತದೆ.

ಧ್ವನಿ ಅಲೆ ಅಲೆಯಾಗಿ ತೂಗಾಡಿದರೆ, ಹಾಡುಗಾರರು ಮಧ್ಯೆ ಮಧ್ಯೆ ನಿದ್ದೆಗೆ ಜಾರಿದಂತೆ ಕೇಳಿದರೆ, ದೋಷ ಸಾಮಾನ್ಯವಾಗಿ ಸಡಿಲವಾದ ರಬ್ಬರ್ ಬೆಲ್ಟಿನದು. ಹಳೆಯ ಬೆಲ್ಟನ್ನೇ ಅಳತೆಗೆ ಒಯ್ದರೆ ರೇಡಿಯೋ ರಿಪೇರಿಯವರಲ್ಲಿಯೋ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿಯೋ ಹೊಂದುವುದನ್ನು ಹುಡುಕಬಹುದು. ಬೆಲ್ಟ್ ಬದಲಿಸಿದ ಮೇಲೆ ವೇಗ ಹೊಂದಿಸಬೇಕು. ಅನೇಕ ಯಂತ್ರಗಳಲ್ಲಿ ಮೋಟಾರಿನ ಹಿಂಬದಿಯ ಪುಟ್ಟ ರಂಧ್ರದೊಳಗೆ ಇದಕ್ಕೆಂದೇ ಒಂದು ತಿರುಪು ಇರುತ್ತದೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಹಾರ್ಮೋನಿಯಮ್ಮಿನ ಪಕ್ಕದ ಮನೆಗೆ ಏರಿಬಿಡುತ್ತದೆ. ಆದ್ದರಿಂದ ಭಜನೆಯ ಕ್ಯಾಸೆಟ್ಟಾಗಿದ್ದರೆ, ಅಂದು ನುಡಿಸಿದ ಹಾರ್ಮೋನಿಯಂ ಇನ್ನೂ ಮನೆಯಲ್ಲಿದ್ದರೆ, ಅದರೊಡನೆ ಶ್ರುತಿ ಕೂಡಿಸಿ ನೋಡುವುದಕ್ಕಿಂತ ಉತ್ತಮವಾದ ಪರೀಕ್ಷೆ ಬೇರೊಂದಿಲ್ಲ.

ಮುಖ್ಯವಾದ ಕೆಲಸ ಇನ್ನು ಮುಂದಿನದು. ಇದನ್ನು ಮಾಡದೆ ಉಳಿದುದೆಲ್ಲ ಮಾಡಿದರೂ ಧ್ವನಿಗೆ ಕಂಬಳಿ ಹೊದಿಸಿದಂತೆಯೇ ಇರುತ್ತದೆ. ಹೆಡ್ಡಿನ ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಸೀಳೊಂದಿದೆ. ಧ್ವನಿಯನ್ನು ತುಂಬಿಸುವಾಗ ಆ ಸೀಳು ಟೇಪಿಗೆ ಯಾವ ಕೋನದಲ್ಲಿತ್ತೋ ಕೇಳುವಾಗಲೂ ಅದೇ ಕೋನದಲ್ಲಿರಬೇಕು. ಸೆಕೆಂಡಿಗೆ ಹತ್ತು ಸಾವಿರ ಕಂಪನಗಳ ನಾದವು ಟೇಪಿನ ಮೇಲೆ ಬರೆಯುವ ಒಂದೊಂದು ಅಲೆಯ ಉದ್ದ ಐದು ಮೈಕ್ರಾನಿಗೂ ಕಡಿಮೆ, ಅಂದರೆ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು. ಹೆಡ್ ಕೊಂಚ ಓರೆಯಾದರೂ ಸೀಳಿನ ಮೇಲ್ತುದಿ ಒಂದು ಅಲೆಯನ್ನು, ಕೆಳತುದಿ ಇನ್ನೊಂದನ್ನು ಓದಿ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಮೊದಲು ಮಾಯವಾಗುವುದು ಸ, ಶ, ಷ ಮೊದಲಾದ ಊಷ್ಮದ ಧ್ವನಿಗಳು. ನಮ್ಮ ಕಡೆಯ ಹಳಬರು ಶಿವನನ್ನು ಸಿವನೆಂದೇ ಕರೆಯುವುದುಂಟು. ಆ ಸಲಿಗೆ ಅವರಿಗೆ ಸಲ್ಲುತ್ತದೆ, ಟೇಪ್ ರೆಕಾರ್ಡರಿಗೆ ಸಲ್ಲದು.

ಹೆಡ್ಡಿನ ಎಡಬಲಗಳಲ್ಲಿ ಎರಡು ತಿರುಪುಗಳಿರುತ್ತವೆ. ಅಡಿಯಲ್ಲಿ ಸ್ಪ್ರಿಂಗ್ ಇರುವ ತಿರುಪೇ ಓರೆಯನ್ನು ಬದಲಿಸುವುದು. ಅದರ ಮೊದಲಿನ ನೆಲೆಯನ್ನು ಪೆನ್ನಿನಿಂದ ಗುರುತು ಮಾಡಿಟ್ಟುಕೊಂಡು, ಕ್ಯಾಸೆಟ್ಟನ್ನು ನುಡಿಸುತ್ತಲೇ, ಸಣ್ಣ ಸ್ಕ್ರೂಡ್ರೈವರಿನಿಂದ ಎಳ್ಳಷ್ಟೆಳ್ಳಷ್ಟೇ ಅತ್ತ ಇತ್ತ ತಿರುಗಿಸಬೇಕು. ಒಂದು ನೆಲೆಯಲ್ಲಿ ಮಂಜು ಸರಿದಂತೆ ಮಾತು ಸ್ಪಷ್ಟವಾಗುತ್ತದೆ. ಅಲ್ಲಿಯೇ ನಿಲ್ಲಿಸಬೇಕು. ಅಂಗಡಿಯ ಕ್ಯಾಸೆಟ್ಟಿಗೆ ಸರಿಹೋದ ನೆಲೆ ಮನೆಯ ಕ್ಯಾಸೆಟ್ಟಿಗೆ ಸರಿಹೋಗಲೇಬೇಕೆಂದಿಲ್ಲ. ಅಂದು ಮದುವೆಯ ಮನೆಗೆ ಯಾರದೋ ಯಂತ್ರ ಬಂದಿತ್ತು, ಅದರ ಹೆಡ್ಡೇ ಓರೆಯಾಗಿತ್ತು ಎನ್ನೋಣ; ಆಗ ನಮ್ಮ ಹೆಡ್ಡನ್ನೂ ಅಷ್ಟೇ ಓರೆ ಮಾಡಿದರೆ ಮಾತ್ರ ಆ ಹಾಡು ಬಾಯಿ ಬಿಡುತ್ತದೆ. ಕ್ಯಾಸೆಟ್ಟು ಬದಲಾದಂತೆಲ್ಲ ಕಿವಿಗೊಟ್ಟು ಮತ್ತೆ ಹೊಂದಿಸಬೇಕು.

ಬಿಳಿಗೆರೆಯ ಕಡೆಯ ತೋಟದ ಮನೆಯೊಂದರಲ್ಲಿ ಸೋಬಾನೆಯ ಕ್ಯಾಸೆಟ್ಟಿಗೆ ಹೀಗೆಯೇ ಮಾಡಲಾಯಿತು. ಮೊದಲು ಗುಂಪಿನ ಗುನುಗಾಗಿದ್ದುದು ತಿರುಪು ಕಾಲು ಸುತ್ತು ತಿರುಗುವಷ್ಟರಲ್ಲಿ ಬಿಡಿ ಬಿಡಿ ಕಂಠಗಳಾಯಿತು. ಮೊಮ್ಮಗ, “ಈಗ ಕೇಳಜ್ಜಿ” ಎಂದ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನಮ್ಮತ್ತೆ ದನಿ ಕಣಪ್ಪ. ಹಿಂದೆ ಸೊಲ್ಲು ಹಿಡಿದಿರೋಳು ನಮ್ಮ ದೊಡ್ಡಕ್ಕ” ಎಂದರು.

ಹಾಡಿನ ಹಿಂದೆ ಒಂದೇ ಸಮನೆ ಗುಂಯ್ ಎನ್ನುವ ಸದ್ದಿದ್ದರೆ ಯಂತ್ರವನ್ನು ಕರೆಂಟಿನಿಂದ ಬಿಡಿಸಿ ಹೊಸ ಸೆಲ್ಲುಗಳಿಂದ ನಡೆಸಿ ನೋಡಬೇಕು. ಸದ್ದು ನಿಂತರೆ ದೋಷ ಎಲಿಮಿನೇಟರಿನದು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ತಿರುವುಮುರುವಾಗುತ್ತದೆ. ಎಲಿಮಿನೇಟರ್ ಅದನ್ನು ಏಕಮುಖವಾಗಿಸುವಾಗ ಉಳಿಯುವ 100 ಕಂಪನಗಳ ಏರಿಳಿತವೇ ಆ ಗುಂಯ್‌ಗಾನ. ಏರಿಳಿತವನ್ನು ನುಂಗುವ ಕೆಪಾಸಿಟರ್ ಹಳತಾದಂತೆ ಸೊರಗುತ್ತದೆ. ಬೆಸುಗೆ ಬಲ್ಲವರು 1000 ಮೈಕ್ರೋಫ್ಯಾರಡ್ ಇದ್ದಲ್ಲಿ 2200ರದನ್ನು, ವೋಲ್ಟೇಜ್ ಅಂಕ ಮೊದಲಿನದಕ್ಕಿಂತ ಕಡಿಮೆಯಾಗದಂತೆ, ಧನ ಋಣ ತುದಿಗಳನ್ನು ಗಮನಿಸಿ ಹಾಕಬಹುದು. ಬಾರದವರು ದಯವಿಟ್ಟು ಪ್ಲಗ್ಗಿನ ಕಡೆಯ ಪೆಟ್ಟಿಗೆಯನ್ನು ಬಿಚ್ಚಬಾರದು. ಸೆಲ್ಲಿನಿಂದಲೇ ಕೇಳಿದರೆ ನಷ್ಟವೇನೂ ಇಲ್ಲ. ತೋಟದ ಪಂಪ್‌ಸೆಟ್ಟುಗಳು ಓಡುವ ಹೊತ್ತಿನ ವೋಲ್ಟೇಜಿಗಿಂತ ನಾಲ್ಕು ಹೊಸ ಸೆಲ್ಲುಗಳೇ ನಂಬಿಕಸ್ತರು.

ಇನ್ನು ಮಡಕೆಯ ವಿಷಯ. ಟೇಪ್ ರೆಕಾರ್ಡರಿನಿಂದ ತಂತಿ ಎಳೆದು, ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರನ್ನು ಬಿಗಿದು ಮೂಲೆಯಲ್ಲಿಡುವುದು ಹಳ್ಳಿಯ ಯುವಕರು ತಾವೇ ಕಂಡುಕೊಂಡ ವಿದ್ಯೆ. ಅದರಲ್ಲಿ ಹುರುಳಿದೆ. ಬರಿಯ ಸ್ಪೀಕರಿನ ಮುಂದಿನಿಂದ ಹೊರಟ ಮಂದ್ರದ ಅಲೆಯನ್ನು ಹಿಂದಿನಿಂದ ಹೊರಟ ಅಲೆ ಅಳಿಸಿಬಿಡುತ್ತದೆ; ಮಡಕೆ ಆ ಹಿಂದಿನ ಅಲೆಯನ್ನು ಹೊಟ್ಟೆಯಲ್ಲಿಯೇ ಹಿಡಿದಿಡುತ್ತದೆ. ಆದರೆ ಒಳಗಿನ ಗಾಳಿಗೂ ತನ್ನದೇ ಒಂದು ಸ್ವರವಿದೆ. ಬಾಟಲಿಯ ಬಾಯಿಗೆ ಊದಿದಾಗ ಕೇಳುವಂಥದು ಅದು. ಇದರ ಮರ್ಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ವಿವರಿಸಿದರು. ಆ ಒಂದು ಸ್ವರ ಬಂದಾಗಲೆಲ್ಲ ಮಡಕೆ ಗುಡುಗುತ್ತದೆ. ಚಲನಚಿತ್ರದ ಡೋಲಿಗೆ ಅದು ಸೊಗಸು. ವಚನ ಗಾಯನಕ್ಕಾಗಲಿ ಸೋಬಾನೆಗಾಗಲಿ ಅದು ಒಗ್ಗದು. ಅಲ್ಲಿ ಮಾತೇ ಪ್ರಾಣ, ತಬಲದ ಎಡಗೈಯ ಗುಮುಕು ಮಾತನ್ನು ಮುಳುಗಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಮಡಕೆಯೇ ಬೇಕೆನ್ನುವವರು ತೆಂಗಿನ ನಾರನ್ನು ಚೆನ್ನಾಗಿ ತೊಳೆದು, ಒಣಗಿಸಿ, ಬಿಡಿಸಿ, ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಒಳಗೆ ತುಂಬಲಿ. ನಾರು ಸದ್ದನ್ನು ಹೀರುವ ಗುಣವುಳ್ಳದ್ದು, ಗುಡುಗು ತಗ್ಗುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಕಾಸು ಕೊಡಬೇಕಾಗಿಯೂ ಇಲ್ಲ.

ಇಷ್ಟಾದ ಮೇಲೆ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಜಾಣತನ. ಯಂತ್ರದ ಎದುರು ಮೊಬೈಲು ಹಿಡಿದರೆ ನಾಯಿಯ ಬೊಗಳು, ಕುಕ್ಕರಿನ ಕೂಗು ಎಲ್ಲವೂ ಸೇರುತ್ತವೆ. ಹೆಡ್‌ಫೋನಿನ ರಂಧ್ರದಿಂದ ನೇರವಾಗಿ ತಂತಿ ಜೋಡಿಸಬೇಕು. ವಾಲ್ಯೂಮನ್ನು ತಗ್ಗಿಸಿಡಬೇಕು, ಇಲ್ಲವಾದರೆ ಏರುದನಿಯ ಕಡೆ ಧ್ವನಿ ಒಡೆಯುತ್ತದೆ. ಸದ್ದು ಕಳೆಯುವ ತಂತ್ರಾಂಶಗಳನ್ನು ಮೂಲ ಪ್ರತಿಯ ಮೇಲೆ ಪ್ರಯೋಗಿಸದೆ ಇನ್ನೊಂದು ಪ್ರತಿಯ ಮೇಲೆ ಪ್ರಯೋಗಿಸಬೇಕು. ಪ್ರತಿಗಳು ಎರಡು ಕಡೆ ಇರಲಿ. ಒಂದು ಮನೆಯಲ್ಲಿ, ಇನ್ನೊಂದು ಊರಾಚೆಯ ಮಗಳ ಮನೆಯಲ್ಲಿ. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರ ಮದುವೆ, ಯಾವ ವರ್ಷ, ಹಾಡಿದವರು ಯಾರು ಯಾರು ಎಂಬುದನ್ನು ಕೇಳಿ ಬರೆದಿಡಬೇಕು. ಆ ಕಂಠಗಳನ್ನು ಗುರುತಿಸಬಲ್ಲವರು ಈಗ ಮನೆಗೊಬ್ಬರೋ ಇಬ್ಬರೋ ಇದ್ದಾರೆ. ಕ್ಯಾಸೆಟ್ಟನ್ನು ಮೊದಲಿನ ತನಕ ಸುತ್ತಿ, ಆ ಚೀಟಿಯನ್ನೂ ಡಬ್ಬಿಯಲ್ಲಿ ಸೇರಿಸಿ, ಬಿಸಿಲಿನ ಕಾವು ತಟ್ಟುವ ಅಟ್ಟದಿಂದ ಇಳಿಸಿ ಬಟ್ಟೆಯ ಬೀರುವಿನಲ್ಲಿಡುವುದು ಲೇಸು.