ಮನೆಯ ಅಂಗಳದಲ್ಲೊಂದು ಕೊಳ
ಶೋಳಿಂಗನಲ್ಲೂರಿನ ಜೌಗುನೆಲದ ಅಂಚಿನಲ್ಲಿ ಜೀವಸ್ನೇಹಿ ಉದ್ಯಾನ

ಚೆನ್ನೈ ಮಹಾನಗರದ ದಕ್ಷಿಣ ಭಾಗದಲ್ಲಿರುವ ಶೋಳಿಂಗನಲ್ಲೂರ್ ಇಂದು ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ನೆಲೆಯೆಂದು ಹೆಸರಾಗಿದೆ. ಉದ್ಯೋಗನಿಮಿತ್ತ ಕರ್ನಾಟಕದಿಂದ ಬಂದು ನೆಲೆಸಿದವರೂ ಇಲ್ಲಿದ್ದಾರೆ. 2011ರಲ್ಲಿ ಚೆನ್ನೈ ಪಾಲಿಕೆಯ ವ್ಯಾಪ್ತಿಗೆ ಸೇರಿದ ಈ ಪ್ರದೇಶದ ಭೌಗೋಳಿಕ ಸ್ಥಾನವು ವಿಶಿಷ್ಟವಾದುದು. ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಬಂಗಾಳ ಕೊಲ್ಲಿ. ಪಶ್ಚಿಮಕ್ಕೆ ಪಳ್ಳಿಕರಣೈ ಜೌಗುಪ್ರದೇಶ. ಈ ಎರಡು ಜಲರಾಶಿಗಳ ನಡುವಣ ಕಿರಿದಾದ ನೆಲದ ಮೇಲೆ ಬಹುಮಹಡಿ ಕಟ್ಟಡಗಳು ಎದ್ದು ನಿಂತಿವೆ.

ಹಿಂದೆ ಸುಮಾರು ಐದು ಸಾವಿರ ಹೆಕ್ಟೇರುಗಳಷ್ಟು ಹರಡಿದ್ದ ಪಳ್ಳಿಕರಣೈ ಜೌಗಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಉಳಿದಿದೆಯೆಂದು ಅಂದಾಜು ಮಾಡಲಾಗಿದೆ. ರಸ್ತೆ, ವಸತಿ, ಕಚೇರಿಗಳು ಹಾಗೂ ಪೆರುಂಗುಡಿಯ ಕಸದ ರಾಶಿ ಉಳಿದುದನ್ನು ಆಕ್ರಮಿಸಿದವು. 2007ರಲ್ಲಿ ಇದರ 317 ಹೆಕ್ಟೇರುಗಳನ್ನು ಮೀಸಲು ಅರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಸುಮಾರು 1,247 ಹೆಕ್ಟೇರುಗಳ ವ್ಯಾಪ್ತಿಯು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರ್ಪಡೆಯಾಯಿತು. ನಮ್ಮ ರಂಗನತಿಟ್ಟು ಪಕ್ಷಿಧಾಮವೂ ಅದೇ ವರ್ಷ ಆ ಪಟ್ಟಿಯಲ್ಲಿ ಸ್ಥಾನ ಪಡೆಯಿತೆಂಬುದು ಗಮನಾರ್ಹ.

ಸುತ್ತಲಿನ ಕೆರೆಗಳ ಹೆಚ್ಚುವರಿ ನೀರು ಈ ಜೌಗಿಗೆ ಹರಿದುಬಂದು, ಒಕ್ಕಿಯಂ ಮಡುವು ಎಂಬ ತೋಡಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಗೂ, ಅಲ್ಲಿಂದ ಕೋವಳಂ ಅಳಿವೆಗೂ ಸಾಗುತ್ತದೆ. ಇಲ್ಲಿನ ‘ಮಡುವು’ ಕನ್ನಡಿಗರಿಗೆ ಪರಿಚಿತವಾದ ಮಡುವೇ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ, ಕನ್ನಡದಲ್ಲಿ ಅದು ಕೆರೆಯ ಕಟ್ಟೆ. ನೀರನ್ನು ಹಿಡಿದಿಡುವ ವಿದ್ಯೆ ಎರಡೂ ನಾಡುಗಳಿಗೆ ಎಷ್ಟು ಹಳೆಯದೆಂಬುದನ್ನು ಈ ಮಾತುಗಳೇ ತಿಳಿಸುತ್ತವೆ. ಜೌಗು ಕುಗ್ಗಿದಂತೆ ಮಳೆಯ ನೀರಿಗೆ ಎಡೆಯಿಲ್ಲದಾಯಿತು. 2015ರ ಡಿಸೆಂಬರಿನ ಪ್ರವಾಹದಲ್ಲಿ ದಕ್ಷಿಣ ಚೆನ್ನೈನ ಬಡಾವಣೆಗಳು ಜಲಾವೃತವಾದವು. 2019ರ ಬೇಸಿಗೆಯಲ್ಲಿ ಅದೇ ನಗರದ ಜಲಾಶಯಗಳು ಬತ್ತಿ ಕುಡಿಯುವ ನೀರಿಗೆ ಹಾಹಾಕಾರವೆದ್ದಿತು.

ಮನೆಯ ಅಂಗಳದ ಒಂದು ಪುಟ್ಟ ಕೊಳವು ಇಂಥ ಪ್ರವಾಹವನ್ನು ತಡೆಯಲಾರದು, ಕಳೆದುಹೋದ ಜೌಗಿಗೆ ಬದಲಿಯಾಗಲಾರದು. ಆದರೆ ಜೌಗಿನಿಂದ ಹೊರದೂಡಲ್ಪಟ್ಟ ಕಪ್ಪೆ, ಚಿಟ್ಟೆ, ಜೇನು, ಸಣ್ಣ ಹಕ್ಕಿಗಳಿಗೆ ಅದು ನಡುದಾರಿಯ ತಂಗುದಾಣವಾಗಬಲ್ಲದು. ಸಿಮೆಂಟು ಹಾಸಿದ ಅಂಗಳಕ್ಕಿಂತ ಮಣ್ಣಿನ ಅಂಗಳವು ಹೆಚ್ಚು ನೀರನ್ನು ಇಂಗಿಸುವುದೂ ನಿಶ್ಚಿತ.

ಕೊಳದ ರಚನೆ

ಕೊಳವು ಎರಡು ಮೀಟರು ಅಗಲ, ಮೂರು ಮೀಟರು ಉದ್ದವಿದ್ದರೆ ಸಾಕು. ಗಾತ್ರಕ್ಕಿಂತ ಅಂಚಿನ ಇಳಿಜಾರು ಮುಖ್ಯ. ನಾಲ್ಕೂ ಬದಿಗಳು ಗೋಡೆಯಂತೆ ನೇರವಾಗಿದ್ದರೆ ನೀರಿಗಿಳಿದ ಕಪ್ಪೆಮರಿ, ಓತಿ, ಅಳಿಲು ಮೇಲೇರಲಾರದೆ ಸಾಯುತ್ತವೆ. ಒಂದು ಬದಿಯಾದರೂ ಹರಿವಾಣದ ಅಂಚಿನಂತೆ ಮೆಲ್ಲನೆ ಇಳಿಯಬೇಕು. ಹಕ್ಕಿಗಳು ಮೀಯುವುದೂ, ಚಿಟ್ಟೆಗಳು ಒದ್ದೆಮಣ್ಣಿನ ಲವಣವನ್ನು ಹೀರುವುದೂ ಅಲ್ಲಿಯೇ. ಸುಮಾರು ಒಂದು ಗೇಣು ಆಳದಲ್ಲಿ ಮೆಟ್ಟಿಲಿನಂಥ ಹಂತವನ್ನು ಬಿಟ್ಟು, ನಡುವೆ ಎರಡು ಅಡಿಯಷ್ಟು ಆಳ ಮಾಡಿದರೆ ಬೇಸಿಗೆಯಲ್ಲಿಯೂ ನೀರು ಅತಿಯಾಗಿ ಕಾಯುವುದಿಲ್ಲ. ಚೆನ್ನೈನ ಬಿಸಿಲಿಗೆ ಮಧ್ಯಾಹ್ನದ ನೆರಳು ಅವಶ್ಯ. ಬೆಳಗಿನ ಬಿಸಿಲು ಬೀಳುವ ಜಾಗವನ್ನು ಆರಿಸಿಕೊಳ್ಳುವುದು ಲೇಸು.

ಜೌಗಿನ ಬದಿಯ ಜೇಡಿಮಣ್ಣು ತಾನಾಗಿ ನೀರನ್ನು ಹಿಡಿದಿಡುತ್ತದೆ. ಚೆನ್ನಾಗಿ ತುಳಿದು ಗಟ್ಟಿಗೊಳಿಸಿದರಾಯಿತು. ಕಡಲಿನ ಬದಿಯ ಮರಳು ನೆಲದಲ್ಲಿ ಮಾತ್ರ, ನಮ್ಮ ರೈತರು ಕೃಷಿಹೊಂಡಕ್ಕೆ ಹಾಸುವಂಥ ದಪ್ಪ ಪ್ಲಾಸ್ಟಿಕ್ ಹಾಳೆ ಬೇಕಾಗುತ್ತದೆ. ಹಾಳೆಯ ಮೇಲೆ ನಾಲ್ಕು ಬೆರಳು ಮಣ್ಣು ಹರಡಬೇಕು. ಕೊಳಕ್ಕೆ ಮಳೆನೀರು ಸರ್ವಶ್ರೇಷ್ಠ. ತಮಿಳುನಾಡಿನಲ್ಲಿ 2003ರಿಂದ ಕಟ್ಟಡಗಳಿಗೆ ಮಳೆನೀರು ಸಂಗ್ರಹಣೆ ಕಡ್ಡಾಯವಾಗಿರುವುದರಿಂದ ತಾರಸಿಯಿಂದಿಳಿಯುವ ಕೊಳವೆಯ ಒಂದು ಕವಲನ್ನು ಕೊಳಕ್ಕೆ ತಿರುಗಿಸಬಹುದು. ನಲ್ಲಿಯ ನೀರನ್ನು ತುಂಬಿದರೆ ಕ್ಲೋರಿನ್ ಆವಿಯಾಗುವವರೆಗೆ, ಎಂದರೆ ಎರಡು ದಿನ, ಮೀನನ್ನು ಬಿಡಬಾರದು. ಕೊಳವೆಬಾವಿಯ ನೀರು ಕಡಲಿನ ಸಮೀಪದಲ್ಲಿ ಉಪ್ಪಾಗಿರಬಹುದಾದ್ದರಿಂದ ರುಚಿ ನೋಡಿಯೇ ಬಳಸುವುದು ಒಳ್ಳೆಯದು.

ಅಂಗಳವಿಲ್ಲದ ಫ್ಲ್ಯಾಟ್ ನಿವಾಸಿಗಳು ನಿರಾಶರಾಗಬೇಕಿಲ್ಲ. ಬಾಲ್ಕನಿಯಲ್ಲಿಟ್ಟ ಸಿಮೆಂಟಿನ ಬಾನಿಯಲ್ಲಿ ಒಂದು ನೈದಿಲೆ, ಒಂದು ಹಿಡಿ ಜೇಕಿನ ಹುಲ್ಲು, ನಾಲ್ಕಾರು ಮೀನು ಬದುಕಬಲ್ಲವು. ಅಲ್ಲಿಯೂ ಒಳಗೊಂದು ಕಲ್ಲು ಅಥವಾ ಓರೆಯಾಗಿ ಒರಗಿಸಿದ ಹಲಗೆಯಿರಲಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೀರಿನ ಮೇಲ್ಮೈಗಿಂತ ಮೇಲೆಯೇ ಇರುವಂತೆ ಗಟ್ಟಿಯಾದ ಕಬ್ಬಿಣದ ಜಾಲರಿಯನ್ನು ಬಿಗಿಯುವುದು ಅನಿವಾರ್ಯ. ಇದರಲ್ಲಿ ರಿಯಾಯಿತಿ ಸಲ್ಲದು.

ಸೊಳ್ಳೆಯ ಭಯ

ಕೊಳವೆಂದೊಡನೆ ಮೊದಲು ಕೇಳಿಬರುವ ಆಕ್ಷೇಪ ಸೊಳ್ಳೆಯದು. ಆಕ್ಷೇಪ ನ್ಯಾಯವಾದುದೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಇಲ್ಲಿನ ಉಷ್ಣತೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಆದರೆ ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಪ್ರಿಯವಾದುದು ಕೊಳವಲ್ಲ. ಹೂಕುಂಡದ ತಟ್ಟೆ, ಹಳೆಯ ಟಯರು, ತೆಂಗಿನ ಚಿಪ್ಪುಗಳಲ್ಲಿ ನಿಂತ ಅಂಗೈಯಗಲದ ನೀರು. ನಗರದ ಮಲೇರಿಯಾಕ್ಕೆ ಕಾರಣವಾದ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯು ಮುಚ್ಚಳವಿಲ್ಲದ ಮಾಳಿಗೆಯ ತೊಟ್ಟಿಗಳಲ್ಲಿಯೂ ಬಾವಿಗಳಲ್ಲಿಯೂ ಬೆಳೆಯುತ್ತದೆ. ಈ ಎಲ್ಲ ಸ್ಥಳಗಳಲ್ಲಿ ಸೊಳ್ಳೆಮರಿಯನ್ನು ತಿನ್ನುವ ಜೀವಿಗಳಿಲ್ಲ. ಜೀವಂತ ಕೊಳದಲ್ಲಿ ಮೀನು, ನೀರುತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಹಗಲಿರುಳೂ ಆ ಕೆಲಸದಲ್ಲಿ ನಿರತವಾಗಿರುತ್ತವೆ. ಆದ್ದರಿಂದ ಮೀನಿಲ್ಲದ ಬಾನಿಯನ್ನು ಹಾಗೆಯೇ ಬಿಟ್ಟು ಊರಿಗೆ ಹೊರಡುವುದು ಅಪಾಯಕಾರಿ.

ಸೊಳ್ಳೆ ನಿವಾರಣೆಗೆಂದು ಗಪ್ಪಿ, ಗ್ಯಾಂಬೂಸಿಯಾ ಎಂಬ ವಿದೇಶೀ ಮೀನುಗಳನ್ನು ನಮ್ಮ ದೇಶಕ್ಕೆ ತಂದು ನೂರು ವರ್ಷಗಳೇ ಆಗುತ್ತ ಬಂದಿವೆ. ಇವು ಸೊಳ್ಳೆಮರಿಗಳನ್ನಷ್ಟೇ ಅಲ್ಲ, ಕಪ್ಪೆಯ ಮೊಟ್ಟೆ, ಗೊದಮೊಟ್ಟೆ ಹಾಗೂ ಸ್ಥಳೀಯ ಮೀನುಗಳ ಮರಿಗಳನ್ನೂ ತಿನ್ನುತ್ತವೆ. ಮಳೆಗಾಲದಲ್ಲಿ ಕೊಳ ತುಂಬಿ ಹರಿದರೆ ಚರಂಡಿಯ ಮೂಲಕ ಜೌಗನ್ನೇ ಸೇರಬಲ್ಲವು. ತಲೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಚುಕ್ಕೆಯುಳ್ಳ, ತಮಿಳರು ‘ಮುಂಡಕಣ್ಣಿ’ ಎಂದು ಕರೆಯುವ ಪುಟ್ಟ ಮೀನು ಈ ನೆಲದ್ದೇ ಆಗಿದ್ದು, ನೀರಿನ ಮೇಲ್ಮೈಯಲ್ಲಿಯೇ ಸಂಚರಿಸುತ್ತ ಸೊಳ್ಳೆಮರಿಗಳನ್ನು ಚೆನ್ನಾಗಿ ತಿನ್ನುತ್ತದೆ. ಸಾಧ್ಯವಾದಲ್ಲಿ ಅದನ್ನೇ ಬಿಡುವುದು ಉಚಿತ. ಅಲಂಕಾರದ ಮೀನು, ಸಾಕಿದ ವಿದೇಶೀ ಆಮೆ, ಅಂತರಗಂಗೆಯಂಥ ಕಳೆ, ಇವುಗಳಲ್ಲಿ ಯಾವುದನ್ನೂ ಬೇಸರ ಬಂದಾಗ ಕೆರೆಗಾಗಲಿ ಜೌಗಿಗಾಗಲಿ ಎಸೆಯಬಾರದು.

ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟವು ಕೊಳಕ್ಕೆ ಕರೆಯದೆ ಬರುವ ಅತಿಥಿ. ಇದರ ಬಾಲ್ಯವೆಲ್ಲ ನೀರಿನಲ್ಲಿ. ಬಲಿತ ಮರಿಯು ಒಂದು ರಾತ್ರಿ ಜೇಕಿನ ದಂಟನ್ನೇರಿ, ಬೆನ್ನು ಸೀಳಿ, ರೆಕ್ಕೆಗಳೊಡನೆ ಹೊರಬರುತ್ತದೆ. ಮುಂಜಾನೆ ದಂಟಿನ ಮೇಲೆ ಒಣ ಪೊರೆ ಮಾತ್ರ ಉಳಿದಿರುತ್ತದೆ. ಇವುಗಳಲ್ಲಿ ಹಳದಿ ಬಣ್ಣದ ಒಂದು ಜಾತಿಯು ಮಳೆಯ ಮಾರುತದ ಬೆನ್ನು ಹತ್ತಿ ಸಂಚರಿಸುತ್ತದೆ. ಭಾರತದಿಂದ ಮಾಲ್ದೀವ್ಸ್ ಮಾರ್ಗವಾಗಿ ಹಿಂದೂ ಮಹಾಸಾಗರವನ್ನು ದಾಟಿ ಇವು ಪೂರ್ವ ಆಫ್ರಿಕಾವನ್ನು ತಲಪುತ್ತವೆಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ತಾತ್ಕಾಲಿಕವಾಗಿ ನಿಂತ ಮಳೆನೀರೇ ಅವುಗಳ ತೊಟ್ಟಿಲು.

ಕಾಡುಹೂಗಳ ಪಾತಿ

ಕರ್ನಾಟಕದಲ್ಲಿ ಮೃಗಶಿರಾ ಮಳೆಗೆ ಬಿತ್ತುವ ರೂಢಿಯುಳ್ಳವರು ಇಲ್ಲಿ ಪಂಚಾಂಗವನ್ನು ಕೊಂಚ ಮುಂದೂಡಬೇಕು. ಚೆನ್ನೈಗೆ ಹೆಚ್ಚಿನ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದಿಂದ. ಹಸ್ತ ಮಳೆಯ ಹೊತ್ತಿಗೆ ಬೀಜ ಹರಡಿದರೆ ಚಿತ್ತಾ, ಸ್ವಾತಿ ಮಳೆಗಳಲ್ಲಿ ಮೊಳೆಯುತ್ತವೆ. ಕಾಡುಹೂಗಳಿಗೆ ಗೊಬ್ಬರ ಬೇಡ. ಸಾರವತ್ತಾದ ಮಣ್ಣಿನಲ್ಲಿ ಹುಲ್ಲು ಸೊಕ್ಕಿ ಬೆಳೆದು ಹೂಗಿಡಗಳನ್ನು ಅಡಗಿಸುತ್ತದೆ.

ತುಂಬೆ, ವಿಷ್ಣುಕ್ರಾಂತಿ, ಶಂಖಪುಷ್ಪ, ಗೊರಟೆ, ತಂಗಡಿ ಇವು ಈ ಹವೆಗೆ ಒಗ್ಗುವ ಗಿಡಗಳು. ಮರಳು ನೆಲದಲ್ಲಿ ಅಡುಂಬು ಬಳ್ಳಿ ಸೊಗಸಾಗಿ ಹಬ್ಬುತ್ತದೆ. ಕೊಳದಂಚಿನ ಒದ್ದೆಯಲ್ಲಿ ಒಂದೆಲಗ ಮತ್ತು ನೀರುಬ್ರಾಹ್ಮಿಯನ್ನು ನೆಟ್ಟರೆ ಅಡುಗೆಮನೆಗೂ ಅನುಕೂಲ. ಬೀಜಗಳನ್ನು ರಸ್ತೆಬದಿಯ ಗಿಡಗಳಿಂದ ಸಂಗ್ರಹಿಸಬಹುದು. ಕಾಡಿನಿಂದ, ಜೌಗಿನಿಂದ ಗಿಡಗಳನ್ನು ಕಿತ್ತು ತರುವುದು ತಪ್ಪು. ಲಂಟಾನ ಹೂವಿಗೆ ಚಿಟ್ಟೆಗಳು ಮುತ್ತುವುದು ನಿಜವಾದರೂ, ಅದು ನಮ್ಮ ಅರಣ್ಯಗಳನ್ನು ನುಂಗುತ್ತಿರುವ ಪರದೇಶದ ಕಳೆಯಾದ್ದರಿಂದ ಅದನ್ನು ಬೆಳೆಸಬಾರದು.

ಚಿಟ್ಟೆಗೆ ಹೂವಿನ ಮಕರಂದ ಸಾಲದು, ಮರಿಹುಳುವಿಗೆ ಎಲೆಯೂ ಬೇಕು. ನಿಂಬೆ, ಕರಿಬೇವು, ಎಕ್ಕ, ಈಶ್ವರಿ ಬಳ್ಳಿ ಇವು ಬೇರೆ ಬೇರೆ ಚಿಟ್ಟೆಗಳ ಮರಿಹುಳುಗಳಿಗೆ ಆಹಾರ. ಕರಿಬೇವಿನ ಎಲೆ ತೂತಾಯಿತೆಂದು ಔಷಧ ಸಿಂಪಡಿಸುವ ಗೃಹಸ್ಥರು ಚಿಟ್ಟೆ ಬರಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಕೀಟನಾಶಕವು ಮಳೆನೀರಿನೊಡನೆ ಕೊಳಕ್ಕೂ ಇಳಿಯುತ್ತದೆ. ಮೊದಲು ಸಾಯುವುದು ಗೊದಮೊಟ್ಟೆಗಳು. ಪಾತಿಯಲ್ಲಿ ಒಂದಡಿ ಜಾಗವನ್ನು ಬರಿದಾಗಿ ಬಿಡಬೇಕು. ಗೂಡು ಕಟ್ಟದೆ ಒಂಟಿಯಾಗಿ ಬಾಳುವ ಜೇನುಜಾತಿಯ ದುಂಬಿಗಳಲ್ಲಿ ಹಲವು ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ.

ಕಪ್ಪೆಗಳಿದ್ದೆಡೆಗೆ ಹಾವೂ ಬರಬಹುದು. ನೀರೊಳ್ಳೆ ಹಾವು ವಿಷರಹಿತವಾದುದು. ವಿಷದ ಹಾವೆಂಬ ಸಂದೇಹವಿದ್ದಲ್ಲಿ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಹಾವುಗಳಿಗೂ ಇದೆ. ಕೊಳದ ಪಕ್ಕದಲ್ಲಿ ರಾತ್ರಿ ಕಾಲಿಡುವಾಗ ಟಾರ್ಚ್ ಇರಲಿ, ಆದರೆ ರಾತ್ರಿಯಿಡೀ ದೀಪ ಉರಿಸುವುದು ಬೇಡ; ಪತಂಗಗಳು ದಾರಿ ತಪ್ಪುತ್ತವೆ.

ಬೀಜ ಉದುರಿದ ಮೇಲೆ, ಫೆಬ್ರವರಿ ಅಥವಾ ಮಾರ್ಚಿನಲ್ಲಿ, ಪಾತಿಯನ್ನು ಒಮ್ಮೆ ಕತ್ತರಿಸಿದರೆ ಸಾಕು. ಬೇಸಿಗೆಯಲ್ಲಿ ನೀರು ಇಳಿದಾಗ ಸಂಜೆಯ ಹೊತ್ತು ಸ್ವಲ್ಪಸ್ವಲ್ಪವಾಗಿ ತುಂಬಿಸಬೇಕು. ಹೂಳೆತ್ತುವ ಕೆಲಸವನ್ನು ಮಳೆಗೆ ಮುಂಚೆ, ಒಂದು ವರ್ಷ ಕೊಳದ ಅರ್ಧಭಾಗದಲ್ಲಿ, ಮರುವರ್ಷ ಉಳಿದರ್ಧದಲ್ಲಿ ಮಾಡುವುದು ಕ್ರಮ. ಎತ್ತಿದ ಹೂಳನ್ನು ಎರಡು ದಿನ ಕೊಳದಂಚಿನಲ್ಲಿಯೇ ಬಿಟ್ಟರೆ ಅದರೊಳಗಿನ ಬಸವನಹುಳುಗಳೂ ಕೀಟಗಳೂ ನೀರಿಗೆ ಮರಳುತ್ತವೆ. ಆಮೇಲೆ ಅದನ್ನು ನಿಂಬೆಗಿಡದ ಬುಡಕ್ಕೆ ಹಾಕಬಹುದು.